ಒಂದು ಗಾಲ್ಫ್ ಮೈದಾನ, ಮೂರು ಬಗೆಯ ಹಸಿರು

ಅರಿಝೋನಾದ ಮರುಭೂಮಿಗೆ ಜನವರಿಯಲ್ಲಿ ಗಾಲ್ಫ್ ಆಡಲು ಹೋದವರ ಕಿವಿಗೆ ಕೌಂಟರಿನಲ್ಲಿ ಮೊದಲು ಬೀಳುವ ಮಾತು ‘ಫ್ರಾಸ್ಟ್ ಡಿಲೇ’. ರಾತ್ರಿ ಬಿದ್ದ ಇಬ್ಬನಿ ಹುಲ್ಲಿನ ಮೇಲೆ ಹೆಪ್ಪುಗಟ್ಟಿದೆ, ಅದು ಕರಗುವ ತನಕ ಯಾರೂ ಮೈದಾನಕ್ಕೆ ಕಾಲಿಡಬೇಡಿ ಎಂದರ್ಥ. ಮರುಭೂಮಿಯ ಗಾಳಿಯಲ್ಲಿ ನೀರಾವಿ ಕಮ್ಮಿ, ಮೋಡವಂತೂ ಅಪರೂಪ. ಹಗಲಿಡೀ ಕಾದ ನೆಲ ತನ್ನ ಶಾಖವನ್ನು ರಾತ್ರಿ ಯಾವ ಅಡ್ಡಿಯೂ ಇಲ್ಲದೆ ಆಕಾಶಕ್ಕೆ ಬಿಟ್ಟುಕೊಡುತ್ತದೆ. ನಸುಕಿನ ಹೊತ್ತಿಗೆ ಹುಲ್ಲು ಸುತ್ತಲ ಗಾಳಿಗಿಂತಲೂ ತಣ್ಣಗಾಗಿರುತ್ತದೆ. ಆಗ ಅದರ ಮೇಲೆ ನಡೆದರೆ ಹೆಪ್ಪುಗಟ್ಟಿದ ಜೀವಕೋಶಗಳು ಒಡೆದು, ಹೆಜ್ಜೆ ಬಿದ್ದಲ್ಲೆಲ್ಲ ಹುಲ್ಲು ಕಂದಿ ಹೋಗುತ್ತದೆ. ಬೇಸಿಗೆಯಲ್ಲಿ 45 ಡಿಗ್ರಿ ದಾಟುವ ಊರಿನಲ್ಲಿ ಚಳಿಗೆ ಹೆದರಿ ಆಟ ನಿಲ್ಲಿಸುತ್ತಾರೆ.

ಸ್ಕಾಟ್ಸ್‌ಡೇಲ್ ನಗರದ ಅಂಚಿನಲ್ಲಿ, ಮೆಕ್‌ಡವೆಲ್ ಬೆಟ್ಟಗಳ ಬುಡದಲ್ಲಿರುವ ಒಂದು ಮೈದಾನದಲ್ಲಿ ನಾವು ನಾಲ್ವರು ಹೀಗೆ ಕಾಫಿ ಹಿಡಿದು ಕಾಯುತ್ತಿದ್ದೆವು. ಇಬ್ಬರು ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿ ಚಿಪ್ ಉದ್ಯಮದಲ್ಲಿರುವ ಕನ್ನಡಿಗರು. ಒಬ್ಬ ದಾವಣಗೆರೆಯವನು, ಇನ್ನೊಬ್ಬ ಬಾಗಲಕೋಟೆ ಕಡೆಯ ಒಕ್ಕಲು ಮನೆತನದವನು. ಮೂರನೆಯವನು ಬೆಂಗಳೂರಿನಿಂದ ರಜೆಗೆ ಬಂದವನು, ನಮ್ಮೊಳಗೆ ಚೆನ್ನಾಗಿ ಆಡುವವನು ಅವನೊಬ್ಬನೇ. ‘ಇವತ್ತು ನನ್ನ ಡ್ರೈವ್ ನೋಡ್ರೋ, ಈ ಒಣಗಾಳೀಲಿ ಇಪ್ಪತ್ತು ಗಜ ಜಾಸ್ತಿ ಹೋಗುತ್ತೆ’ ಎಂದು ಅವನು ಆಗಲೇ ಘೋಷಿಸಿಬಿಟ್ಟಿದ್ದ.

ಗಾಲ್ಫ್ ಆಡುವವರಲ್ಲಿ ಬಹಳಷ್ಟು ಮಂದಿ ಹೀಗೆಯೇ ನಂಬಿರುತ್ತಾರೆ. ತೇವದ ಗಾಳಿ ಭಾರ, ಒಣಗಾಳಿ ಹಗುರ ಎಂದು. ಮಳೆಗಾಲದಲ್ಲಿ ಮೈಗೆ ಅಂಟುವ ಗಾಳಿಯ ಅನುಭವವೂ ಹಾಗೆಯೇ ಹೇಳುತ್ತದೆ. ನಿಜ ತಿರುವುಮುರುವು. ನೀರಿನ ಅಣುವಿನ ತೂಕ 18. ಗಾಳಿಯಲ್ಲಿ ಬಹುಪಾಲು ಇರುವ ನೈಟ್ರೋಜನ್ ಅಣುವಿನದು 28, ಆಕ್ಸಿಜನ್‌ದು 32. ಒಂದೇ ಒತ್ತಡ, ಒಂದೇ ಉಷ್ಣತೆಯಲ್ಲಿ ಒಂದು ಘನ ಮೀಟರಿನಲ್ಲಿ ಹಿಡಿಸುವ ಅಣುಗಳ ಸಂಖ್ಯೆ ಬದಲಾಗುವುದಿಲ್ಲ. ಹಾಗಾಗಿ ನೀರಾವಿ ಸೇರಿತೆಂದರೆ ಭಾರದ ಅಣುಗಳು ಜಾಗ ಬಿಟ್ಟು ಹಗುರದವು ಬಂದಂತಾಯಿತು. ಆದರೆ ಈ ವ್ಯತ್ಯಾಸ ತೀರ ಸಣ್ಣದು. 25 ಡಿಗ್ರಿಯಲ್ಲಿ ಪೂರ್ತಿ ಒಣಗಿದ ಗಾಳಿಗೂ ಪೂರ್ತಿ ತೇವಗೊಂಡ ಗಾಳಿಗೂ ಇರುವ ಅಂತರ ಶೇಕಡಾ 1ರ ಆಸುಪಾಸು. ಚೆಂಡಿನ ಲೆಕ್ಕದಲ್ಲಿ ಅದನ್ನು ಮರೆತರೂ ಆದೀತು. ಲೆಕ್ಕಕ್ಕೆ ಬರುವುದು ಊರಿನ ಎತ್ತರ ಮತ್ತು ಆ ಹೊತ್ತಿನ ಸೆಕೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ನಾವಿದ್ದ ಜಾಗ ಸುಮಾರು 500 ಮೀಟರ್. ಬೆಂಗಳೂರಿನ ಗಾಳಿಯೊತ್ತಡ 910 ಹೆಕ್ಟೊಪಾಸ್ಕಲ್ ಸುತ್ತಮುತ್ತ, ಸ್ಕಾಟ್ಸ್‌ಡೇಲ್‌ನ ಆ ಭಾಗದ್ದು 955 ಸುತ್ತಮುತ್ತ. ಒತ್ತಡವನ್ನು ಕೆಲ್ವಿನ್ ಉಷ್ಣತೆಯಿಂದ ಭಾಗಿಸಿದರೆ ಗಾಳಿಯ ಸಾಂದ್ರತೆಯ ಅಂದಾಜು ಸಿಗುತ್ತದೆ. ಪಿಯುಸಿ ಭೌತಶಾಸ್ತ್ರದ ಗಣಿತ ಸಾಕು. ಬೆಂಗಳೂರಿನ 26 ಡಿಗ್ರಿಯ ಮಧ್ಯಾಹ್ನಕ್ಕೆ ಹೋಲಿಸಿದರೆ ಆ ಬೆಳಗಿನ 7 ಡಿಗ್ರಿಯ ಮರುಭೂಮಿ ಗಾಳಿ ಶೇಕಡಾ 12ರಷ್ಟು ದಟ್ಟ. ಇನ್ನೂ ಸೋಜಿಗದ ಮಾತೆಂದರೆ, ಬಿರುಬೇಸಿಗೆಯಲ್ಲಿ 42 ಡಿಗ್ರಿಗೆ ಕಾದಾಗ ಮಾತ್ರ ಅಲ್ಲಿನ ಗಾಳಿ ಬೆಂಗಳೂರಿನ ಗಾಳಿಯಷ್ಟು ತೆಳುವಾಗುತ್ತದೆ. ಉದ್ದ ಹೊಡೆಯುವ ಆಸೆ ಇರುವವರು ಬೆಂಗಳೂರಿನಲ್ಲೇ ಇರುವುದು ಲೇಸು.

ಇದನ್ನು ಹೇಳಿದಾಗ ಬೆಂಗಳೂರಿನವನು ನಂಬಲಿಲ್ಲ. ಆಟ ಶುರುವಾಗುವ ತಾಣವಾದ ಮೊದಲ ಟೀಯಲ್ಲಿ ಅವನು ಹೊಡೆದ ಚೆಂಡು ನೋಡಲು ಸೊಗಸಾಗಿಯೇ ಎದ್ದು, ಊರಿನಲ್ಲಿ ಬೀಳುವ ದೂರಕ್ಕಿಂತ ಹಿಂದೆಯೇ ಬಿತ್ತು. ‘ಚಳಿಗೆ ಮೈ ಬಿಟ್ಟಿಲ್ಲ’ ಎಂದ. ಅದೂ ಸುಳ್ಳಲ್ಲ. ಚೆಂಡೂ ತಣ್ಣಗಿತ್ತು, ತಣ್ಣಗಾದ ರಬ್ಬರ್ ತಿರುಳು ಪುಟಿಯುವುದು ಕಮ್ಮಿ.

ಗಾಳಿ ಶೇಕಡಾ 12 ದಟ್ಟವಾದರೆ ದೂರವೂ ಶೇಕಡಾ 12 ಕಡಿಮೆಯಾಗಬೇಕಲ್ಲ? ಆಗುವುದಿಲ್ಲ, ಶೇಕಡಾ 4–5 ಅಷ್ಟೆ. 220 ಗಜದ ಹೊಡೆತದಲ್ಲಿ ಹತ್ತು ಗಜ. ಏಕೆಂದರೆ ಗಾಲ್ಫ್ ಚೆಂಡಿಗೆ ಗಾಳಿ ವೈರಿಯೂ ಹೌದು, ನೆಂಟನೂ ಹೌದು. ಈ ಇಬ್ಬಗೆಯ ಸಂಬಂಧವನ್ನು ಮೊದಲು ಬಿಡಿಸಿ ನೋಡಿದವರು ಎಡಿನ್‌ಬರೊ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಪೀಟರ್ ಗಥ್ರಿ ಟೇಟ್. ಅವರ ಮಗ ಫ್ರೆಡ್ಡಿ 1896 ಮತ್ತು 1898ರಲ್ಲಿ ಬ್ರಿಟಿಷ್ ಅಮೆಚೂರ್ ಚಾಂಪಿಯನ್. ಇಂತಿಷ್ಟು ದೂರಕ್ಕಿಂತ ಹೆಚ್ಚು ಹೊಡೆಯಲಾಗದು ಎಂದು ಅಪ್ಪ ಗಣಿತದಿಂದ ಸಾಧಿಸಿದ್ದನ್ನು ಮಗ ಮೈದಾನದಲ್ಲಿ ಸುಳ್ಳು ಮಾಡಿದ ಎಂಬ ಕಥೆ ಗಾಲ್ಫ್ ಲೋಕದಲ್ಲಿ ಬಹಳ ಓಡಾಡುತ್ತದೆ. ಕಥೆಯಲ್ಲಿ ಉಪ್ಪುಖಾರ ಸೇರಿದೆ. ಟೇಟ್ 1890ರ ದಶಕದಲ್ಲಿ ಕಂಡುಕೊಂಡ ಸತ್ಯ ಇಷ್ಟು: ಚೆಂಡು ಮುಂದೆ ಹೋಗುತ್ತಲೇ ಹಿಮ್ಮುಖವಾಗಿ ತಿರುಗುತ್ತದೆ, ಆ ತಿರುಗಾಟ ಗಾಳಿಯನ್ನು ಕೆಳಕ್ಕೆ ತಳ್ಳಿ ಚೆಂಡನ್ನು ಮೇಲಕ್ಕೆತ್ತುತ್ತದೆ. ಡ್ರೈವರ್ ಎಂಬ ದೂರ ಹೊಡೆಯುವ ಕೋಲಿನಿಂದ ಹೊರಟ ಚೆಂಡು ನಿಮಿಷಕ್ಕೆ ಎರಡೂವರೆ ಸಾವಿರ ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತಿರುತ್ತದೆ. 46 ಗ್ರಾಮಿಗೂ ತುಸು ಕಡಿಮೆ ತೂಗುವ ಅದನ್ನು ಗಾಳಿ ಮೊದಲ ಕ್ಷಣಗಳಲ್ಲಿ ಅದರ ತೂಕಕ್ಕಿಂತ ಹೆಚ್ಚು ಬಲದಿಂದ ಎತ್ತಿ ಹಿಡಿದಿರುತ್ತದೆ. ಅದಕ್ಕೇ ಒಳ್ಳೆಯ ಹೊಡೆತ ಕಲ್ಲೆಸೆದಂತೆ ಬಾಗದೆ, ಒಂದಷ್ಟು ದೂರ ನೇರ ಸಾಗಿ ಆಮೇಲೆ ಏರುವಂತೆ ಕಾಣುವುದು. ಗಾಳಿ ತೆಳುವಾದರೆ ತಡೆಯೂ ಕಮ್ಮಿ, ಈ ಎತ್ತುವ ಬಲವೂ ಕಮ್ಮಿ. ಲಾಭದಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೆ ವಜಾ ಆಗುತ್ತದೆ.

ಚೆಂಡಿನ ಮೇಲಿನ ಗುಳಿಗಳ ಕಥೆಯನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಗಟ್ಟಾಪರ್ಚಾ ಎಂಬ ಮರದ ಅಂಟಿನಿಂದ ನುಣ್ಣನೆಯ ಚೆಂಡು ಮಾಡುತ್ತಿದ್ದರು. ಏಟು ತಿಂದು ಮೈಯೆಲ್ಲ ಗಾಯವಾದ ಹಳೆಯ ಚೆಂಡು ಹೊಸದಕ್ಕಿಂತ ಚೆನ್ನಾಗಿ ಹಾರುತ್ತದೆ ಎಂಬುದನ್ನು ಆಟಗಾರರೇ ಗಮನಿಸಿದರು. ಹೊಸ ಚೆಂಡಿಗೂ ಸುತ್ತಿಗೆಯಿಂದ ಗೀರು ಹಾಕತೊಡಗಿದರು. ಈಗಿನ ಗುಳಿಗಳಿಗೆ 1905ರಲ್ಲಿ ಪೇಟೆಂಟ್ ಪಡೆದವರು ಲೆಸ್ಟರ್ ಊರಿನ ಎಂಜಿನಿಯರ್ ವಿಲಿಯಂ ಟೇಲರ್. ನುಣ್ಣನೆಯ ಚೆಂಡಿಗೆ ತಾಗಿದ ಗಾಳಿಯ ತೆಳು ಪದರ ಅದರ ನಡುಭಾಗದಲ್ಲೇ ಕಿತ್ತುಕೊಂಡು, ಚೆಂಡಿನ ಹಿಂದೆ ಅಗಲವಾದ ಕಡಿಮೆ ಒತ್ತಡದ ಜಾಗ ಉಳಿಯುತ್ತದೆ. ಚೆಂಡನ್ನು ಹಿಂದಕ್ಕೆ ಜಗ್ಗುವುದು ಅದೇ. ಗುಳಿಗಳು ಆ ಪದರವನ್ನು ಕದಡಿಬಿಡುತ್ತವೆ. ಕದಡಿದ ಗಾಳಿ ಚೆಂಡಿನ ಬೆನ್ನಿಗೆ ಇನ್ನಷ್ಟು ದೂರ ಅಂಟಿಕೊಂಡೇ ಹರಿಯುತ್ತದೆ, ಹಿಂದಿನ ಜಗ್ಗಾಟ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಗುಳಿಯಿಲ್ಲದ ಚೆಂಡನ್ನು ಅಷ್ಟೇ ಜೋರಾಗಿ ಹೊಡೆದರೂ ಅದು ಅರ್ಧ ದಾರಿಯಲ್ಲಿ ಬೀಳುತ್ತದೆ.

ಚೆಂಡಿನ ಮಾತು ಸಾಕು. ಮರುಭೂಮಿಯ ಮೈದಾನದಲ್ಲಿ ನೋಡಬೇಕಾದದ್ದು ಕಾಲ ಕೆಳಗಿದೆ.

ಇಲ್ಲಿನ ಮೈದಾನ ಸ್ಕಾಟ್ಲೆಂಡಿನದರಂತೆ ಒಂದೇ ಸಮನೆ ಹರಡಿದ ಹುಲ್ಲುಗಾವಲಲ್ಲ. ಟೀ ಇರುವಲ್ಲಿ ಹಸಿರಿನ ಒಂದು ತುಣುಕು, ಮಧ್ಯೆ ಕಲ್ಲು-ಕಳ್ಳಿಗಳ ಬಯಲು, ಆಮೇಲೆ ಫೇರ್‌ವೇ ಎಂಬ ಹಸಿರು ಪಟ್ಟೆ, ಮತ್ತೆ ಬಯಲು, ಕೊನೆಗೆ ಕುಳಿ ಇರುವ ಗ್ರೀನ್. ಚೆಂಡು ದ್ವೀಪದಿಂದ ದ್ವೀಪಕ್ಕೆ ಜಿಗಿಯಬೇಕು. ಇದು ವಿನ್ಯಾಸಕಾರರ ಸೌಂದರ್ಯಪ್ರಜ್ಞೆಯಿಂದ ಹುಟ್ಟಿದ್ದು ಎಂದು ಕರಪತ್ರಗಳು ಹೊಗಳುತ್ತವೆ. ದೊಡ್ಡ ಪಾಲು ಸಲ್ಲಬೇಕಾದದ್ದು ಕಾನೂನಿಗೆ. ಅರಿಝೋನಾ 1980ರಲ್ಲಿ ಅಂತರ್ಜಲ ನಿರ್ವಹಣೆಗೆ ಕಟ್ಟುನಿಟ್ಟಿನ ಕಾಯ್ದೆ ತಂದಿತು. ಅದರಡಿ ಬಂದ ನಿಯಮಗಳು ಫೀನಿಕ್ಸ್ ಸುತ್ತಲಿನ ಹೊಸ 18 ಹೋಲ್‌ಗಳ ಮೈದಾನಕ್ಕೆ ಸುಮಾರು 90 ಎಕರೆ ಹುಲ್ಲಿಗೆ ಸಾಕಾಗುವಷ್ಟೇ ನೀರು ಎಂದು ಮಿತಿ ಹಾಕಿದವು. ಹುಲ್ಲಿನ ಮಿತಿ ಆಟದ ಶೈಲಿಯನ್ನೇ ಬದಲಿಸಿತು. ಕಾನೂನಿಗಿಂತ ಮೊದಲೂ ಹಾಗೆ ಕಟ್ಟಿದವರು ಇದ್ದರು. ಕೇರ್‌ಫ್ರೀ ಊರಿನ ಡೆಸರ್ಟ್ ಫಾರೆಸ್ಟ್ 1962ರದು.

ಬಯಲಿಗೆ ಬಿದ್ದ ಚೆಂಡಿನ ವಿಚಾರದಲ್ಲಿ ಗಾಲ್ಫ್ ನಿಯಮಗಳು ಬಲು ಮಜವಾಗಿವೆ. ಚೆಂಡಿನ ಪಕ್ಕ ಬುಡುಬುಡುಕೆ ಹಾವು ಕೂತಿದ್ದರೆ ದಂಡವಿಲ್ಲದೆ ಬೇರೆ ಕಡೆ ಚೆಂಡು ಹಾಕಿಕೊಳ್ಳಬಹುದು. ಕಳ್ಳಿಯ ಮುಳ್ಳು ಚುಚ್ಚುತ್ತದೆ ಎಂದರೆ ಆ ರಿಯಾಯಿತಿ ಇಲ್ಲ. ಮೈಗೆ ಟವೆಲ್ ಸುತ್ತಿಕೊಂಡು ಹೊಡೆಯಬಹುದು. ಅದೇ ಟವೆಲನ್ನು ಕಳ್ಳಿಗೆ ಹೊದಿಸಿದರೆ ದಂಡ! ಬಿಡಿಯಾಗಿ ಬಿದ್ದ ಕಲ್ಲನ್ನು ಸರಿಸಬಹುದು, ಗಾತ್ರದ ಮಿತಿ ಇಲ್ಲ. 1999ರ ಫೀನಿಕ್ಸ್ ಓಪನ್‌ನಲ್ಲಿ ಟೈಗರ್ ವುಡ್ಸ್ ಚೆಂಡಿನ ಮುಂದಿದ್ದ ಸುಮಾರು ಅರ್ಧ ಟನ್ ತೂಕದ ಬಂಡೆಯನ್ನು ಪ್ರೇಕ್ಷಕರೇ ಒಟ್ಟಾಗಿ ಉರುಳಿಸಿದರು, ತೀರ್ಪುಗಾರರು ಸರಿ ಎಂದರು. ನಮ್ಮ ದಾವಣಗೆರೆಯವನು ಈ ಕಥೆ ಕೇಳಿ ಪ್ರತಿ ಬಂಡೆಯ ಹಿಂದೆಯೂ ‘ಬರ್ರೋ, ಎಲ್ಲರೂ ಕೈ ಹಚ್ಚಿ’ ಎಂದು ಕೂಗತೊಡಗಿದ. ಯಾರೂ ಹಚ್ಚಲಿಲ್ಲ.

ಆಟ ಅರ್ಧಕ್ಕೆ ಬರುವ ಹೊತ್ತಿಗೆ ಬಾಗಲಕೋಟೆಯವನ ಚೆಂಡು ಫೇರ್‌ವೇ ಬಿಟ್ಟು ಅಂಚಿನಾಚೆ ಉರುಳಿತು. ಹುಡುಕುತ್ತ ಹೋದವನು ಚೆಂಡು ಬಿಟ್ಟು ಮಂಡಿಯೂರಿ ಕೂತ. ‘ಲೇ, ಬಾ ಇಲ್ಲಿ. ಇದು ನಮ್ಮ ಹೊಲದಾಗಿನ ಕರಿಕಿ ಅಲ್ಲೇನು?’ ಅಂಚಿನ ಹುಲ್ಲು ಒಣಗಿದ ಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ನೆಲಕ್ಕೆ ಅಂಟಿ ಹರಿದ ಬಳ್ಳಿ, ಅಂಗುಲಕ್ಕೊಂದು ಗೆಣ್ಣು, ಒಂದೊಂದು ಗೆಣ್ಣಿನಲ್ಲೂ ಬೇರು. ಎಳೆದರೆ ಬಳ್ಳಿ ತುಂಡಾಗುತ್ತದೆ, ಬೇರು ಬರುವುದಿಲ್ಲ. ಕರಿಕಿಯೇ, ಹಳೆ ಮೈಸೂರಿನವರ ಗರಿಕೆ, ಗಣಪತಿಗೆ ಏರಿಸುವ ದೂರ್ವೆ, ಸಸ್ಯಶಾಸ್ತ್ರದ ಸೈನೊಡಾನ್ ಡ್ಯಾಕ್ಟಿಲಾನ್. ಅಮೆರಿಕದವರು ಇದನ್ನು ಬರ್ಮುಡಾ ಎನ್ನುತ್ತಾರೆ. ಎರೆಹೊಲದಲ್ಲಿ ಕರಿಕಿ ಬಿದ್ದರೆ ಆಳವಾಗಿ ನೇಗಿಲು ಹೊಡೆದು, ಗಡ್ಡೆ ಆರಿಸಿ, ಬಿಸಿಲಿಗೆ ಒಣಗಿಸಿದರೂ ಮುಂದಿನ ಮಳೆಗೆ ಮತ್ತೆ ಹಾಜರು. ಅವನ ಅಪ್ಪ ಆಯುಷ್ಯವಿಡೀ ಕಿತ್ತು ಬಿಸಾಡಿದ ಕಳೆಯನ್ನು ಇಲ್ಲಿ ಕೋಟಿಗಟ್ಟಲೆ ಡಾಲರ್ ಸುರಿದು ಸಾಕುತ್ತಾರೆ.

ಮೈದಾನದ ಗರಿಕೆ ಅಪ್ಪಟ ಗರಿಕೆಯಲ್ಲ, ಮಿಶ್ರತಳಿ. ಜಾರ್ಜಿಯಾ ರಾಜ್ಯದ ಟಿಫ್ಟನ್ ಎಂಬ ಊರಿನ ಸಂಶೋಧನಾ ಕೇಂದ್ರದಲ್ಲಿ ಗ್ಲೆನ್ ಬರ್ಟನ್ ಎಂಬ ತಳಿವಿಜ್ಞಾನಿ ನಮ್ಮ ಗರಿಕೆಯನ್ನು ಆಫ್ರಿಕಾದ ಅದರ ನೆಂಟನೊಂದಿಗೆ ಕೂಡಿಸಿದರು. 1960ರಲ್ಲಿ ಹೊರಬಂದ ‘ಟಿಫ್‌ವೇ’ ಇಂದಿಗೂ ಬಿಸಿಲು ನಾಡುಗಳ ಫೇರ್‌ವೇಗಳಲ್ಲಿ ಧಾರಾಳವಾಗಿ ಕಾಣುವ ಹುಲ್ಲು. ಒಂದು ಪೋಷಕ ಸಸ್ಯದಲ್ಲಿ 36 ವರ್ಣತಂತು, ಇನ್ನೊಂದರಲ್ಲಿ 18, ಮಗುವಿನಲ್ಲಿ 27. ಬೆಸಸಂಖ್ಯೆಯಾದ್ದರಿಂದ ಬೀಜ ಕಟ್ಟುವುದಿಲ್ಲ. ಬಳ್ಳಿಯ ತುಂಡುಗಳನ್ನೇ ನೆಟ್ಟು ಹಬ್ಬಿಸಬೇಕು. ಇದೇ ಬರ್ಟನ್ ಅದೇ ಟಿಫ್ಟನ್‌ನಲ್ಲಿ ಸಜ್ಜೆಯ ಮೇಲೂ ಕೆಲಸ ಮಾಡಿದರು. ಅವರ ‘ಟಿಫ್ಟ್ 23ಎ’ ಎಂಬ ಗಂಡು-ಬಂಜೆ ತಳಿಯನ್ನು ಬಳಸಿಯೇ ಪಂಜಾಬಿನಲ್ಲಿ ದಿಲ್ಬಾಗ್ ಸಿಂಗ್ ಅಠ್ವಾಲ್ ಅವರು ಭಾರತದ ಮೊದಲ ಹೈಬ್ರಿಡ್ ಸಜ್ಜೆ ‘ಎಚ್‌ಬಿ-1’ ರೂಪಿಸಿದ್ದು, 1965ರಲ್ಲಿ. ಎಪ್ಪತ್ತರ ದಶಕದಲ್ಲಿ ಬೂಜು ರೋಗ ಬಡಿದು ಆ ಮೊದಲ ತಲೆಮಾರಿನ ಹೈಬ್ರಿಡ್‌ಗಳು ಮೂಲೆ ಸೇರಿದವು. ಆದರೂ ಸಜ್ಜೆ ರೊಟ್ಟಿ ತಿಂದು ಬೆಳೆದವನೊಬ್ಬ ಬರ್ಟನ್‌ರ ಹುಲ್ಲಿನ ಮೇಲೆ ಗಾಲ್ಫ್ ಆಡುತ್ತಿದ್ದ.

ಅವನು ಕೂತ ಜಾಗದಿಂದ ಎಡಕ್ಕೆ ನೋಡಿದರೆ ಫೇರ್‌ವೇ ಕಡುಹಸಿರು. ಗರಿಕೆ ಸತ್ತಂತೆ ಬಿದ್ದಿರುವಾಗ ಅದು ಹಸಿರಾದದ್ದು ಹೇಗೆ? ಅದು ರೈಗ್ರಾಸ್ ಎಂಬ ಚಳಿನಾಡಿನ ಹುಲ್ಲು. ಬಲಕ್ಕೆ ಹತ್ತು ಹೆಜ್ಜೆ ದೂರದಲ್ಲಿ ಎರಡಾಳೆತ್ತರದ ಸಾಗ್ವಾರೊ ಕಳ್ಳಿ ನಿಂತಿತ್ತು. ಮೈಮೇಲೆ ಯಾರದೋ ಚೆಂಡು ಹೊಕ್ಕ ಗಾಯ. ಮೂರೂ ಗಿಡಗಳೇ, ಮೂರೂ ಬಿಸಿಲಿನಿಂದ ಅನ್ನ ಮಾಡಿಕೊಳ್ಳುವಂಥವೇ. ಆದರೆ ಭೂಮಿಯ ಮೇಲೆ ದ್ಯುತಿಸಂಶ್ಲೇಷಣೆಗೆ ಇರುವ ಮೂರು ಮುಖ್ಯ ವಿಧಾನಗಳನ್ನು ಈ ಮೂರು ಹಂಚಿಕೊಂಡಿವೆ. ಕಾಲೇಜಿನ ಸಸ್ಯಶಾಸ್ತ್ರದ ಮೂರು ಅಧ್ಯಾಯಗಳು ಹದಿನೈದು ಹೆಜ್ಜೆಯೊಳಗೆ ಸಿಗುವ ಜಾಗ ಇನ್ನೆಲ್ಲಿದೆಯೋ ನನಗೆ ಕಾಣೆ.

ಎಲೆ ಎದುರಿಸುವ ಕಷ್ಟ ಒಂದೇ. ಇಂಗಾಲದ ಡೈಆಕ್ಸೈಡ್ ಒಳಗೆ ಬರಬೇಕಾದರೆ ಪತ್ರರಂಧ್ರ ತೆರೆಯಬೇಕು. ತೆರೆದೊಡನೆ ಒಳಗಿನ ನೀರು ಆವಿಯಾಗಿ ಹೊರಗೋಡುತ್ತದೆ. ರೈಗ್ರಾಸ್, ಭತ್ತ, ಗೋಧಿ ಹಳೆಯ ದಾರಿ ಹಿಡಿದಿವೆ. ರುಬಿಸ್ಕೊ ಎಂಬ ಕಿಣ್ವ ಡೈಆಕ್ಸೈಡನ್ನು ನೇರವಾಗಿ ಹಿಡಿಯುತ್ತದೆ. ಈ ಕಿಣ್ವಕ್ಕೆ ಒಂದು ಚಪಲ: ಡೈಆಕ್ಸೈಡ್ ಬದಲು ಆಗಾಗ ಆಕ್ಸಿಜನ್ನನ್ನು ಹಿಡಿದುಬಿಡುತ್ತದೆ, ಮಾಡಿದ ಕೆಲಸದ ಒಂದು ಭಾಗ ಹಾಳು. ಸೆಕೆ ಏರಿದಷ್ಟೂ ಈ ಚಪಲ ಹೆಚ್ಚು. ಜನವರಿಯ ತಂಪಿನಲ್ಲಿ ನಡೆದುಹೋಗುತ್ತದೆ. ಮೇ ತಿಂಗಳ ಬಿಸಿಲಿಗೆ ರೈಗ್ರಾಸ್ ಸುಟ್ಟುಹೋಗುತ್ತದೆ.

ಗರಿಕೆಯದು ಸಿ-4 ದಾರಿ. ಹೊರಗಿನ ಕೋಶಗಳು ಡೈಆಕ್ಸೈಡನ್ನು ಆಕ್ಸಿಜನ್‌ಗೆ ಮರುಳಾಗದ ಬೇರೊಂದು ಕಿಣ್ವದಿಂದ ಹಿಡಿದು, ನಾಲ್ಕು ಇಂಗಾಲದ ಆಮ್ಲವಾಗಿಸಿ, ಒಳಕೋಣೆಯ ಕೋಶಗಳಿಗೆ ಸಾಗಿಸುತ್ತವೆ. ಅಲ್ಲಿ ಡೈಆಕ್ಸೈಡ್ ಕಿಕ್ಕಿರಿದಿರುವುದರಿಂದ ರುಬಿಸ್ಕೊ ದಾರಿ ತಪ್ಪುವುದಿಲ್ಲ. ಪತ್ರರಂಧ್ರವನ್ನು ಕಿರಿದಾಗಿ ತೆರೆದರೂ ಸಾಕು. ಇದನ್ನು 1966ರಲ್ಲಿ ವಿವರಿಸಿದವರು ಬ್ರಿಸ್ಬೇನ್‌ನ ಸಕ್ಕರೆ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಕಬ್ಬಿನ ಎಲೆ ಹಿಡಿದು ಕೂತಿದ್ದ ಹ್ಯಾಚ್ ಮತ್ತು ಸ್ಲ್ಯಾಕ್. ಜೋಳ, ಸಜ್ಜೆ, ರಾಗಿ, ಮೆಕ್ಕೆಜೋಳ, ಕಬ್ಬು ಎಲ್ಲ ಇದೇ ಗುಂಪಿನವು. ಬಿಸಿಲೆಂದರೆ ಇವಕ್ಕೆ ಹಬ್ಬ. ಚಳಿ ಆಗದು; ನೆಲದ ಉಷ್ಣತೆ 10–12 ಡಿಗ್ರಿಗೆ ಇಳಿದರೆ ಗರಿಕೆ ಬೆಳವಣಿಗೆ ನಿಲ್ಲಿಸಿ ಮಲಗಿಬಿಡುತ್ತದೆ. ಸಾಯುವುದಿಲ್ಲ, ಗೆಣ್ಣಿನಲ್ಲಿ ಜೀವ ಹಿಡಿದಿರುತ್ತದೆ.

ಸಾಗ್ವಾರೊ ಹಗಲು ಬಾಗಿಲು ಹಾಕಿ ರಾತ್ರಿ ವ್ಯಾಪಾರ ಮಾಡುವ ಅಂಗಡಿ. ಬಿಸಿಲಿರುವಾಗ ರಂಧ್ರಗಳನ್ನು ಮುಚ್ಚಿಕೊಂಡು, ತಂಪಾದ ಮೇಲೆ ತೆರೆದು ಡೈಆಕ್ಸೈಡ್ ಒಳಗೆಳೆದುಕೊಂಡು, ಅದನ್ನು ಆಮ್ಲದ ರೂಪದಲ್ಲಿ ಕೂಡಿಡುತ್ತದೆ. ಮರುದಿನದ ಬೆಳಕಿನಲ್ಲಿ ಆ ದಾಸ್ತಾನಿನಿಂದ ಸಕ್ಕರೆ. ಈ ವಿಧಾನದ ಹೆಸರು ಕ್ಯಾಮ್. ಇದರ ಸುಳಿವನ್ನು ನಾಲಿಗೆಯಿಂದಲೇ ಪತ್ತೆಹಚ್ಚಿದವರು ಭಾರತದಲ್ಲಿದ್ದ ಬೆಂಜಮಿನ್ ಹೇಯ್ನ್. ಟಿಪ್ಪುವಿನ ಪತನದ ನಂತರ ಬೆಂಗಳೂರಿನ ಲಾಲ್‌ಬಾಗಿನ ಉಸ್ತುವಾರಿ ವಹಿಸಿದ್ದ ಸಸ್ಯಶಾಸ್ತ್ರಜ್ಞ ಇವರೇ. ನಮ್ಮ ಹಿತ್ತಿಲುಗಳಲ್ಲಿ ಎಲೆಯ ಅಂಚಿನಿಂದಲೇ ಮರಿ ಹಾಕುವ ಕಾಡುಬಸಳೆಯ ಎಲೆ ಬೆಳಿಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆಗೆ ಕಹಿ ಎಂದು ಅವರು 1813ರಲ್ಲಿ ಲಂಡನ್ನಿನ ಲಿನ್ನಿಯನ್ ಸೊಸೈಟಿಗೆ ಪತ್ರ ಬರೆದರು. ರಾತ್ರಿ ಕೂಡಿಟ್ಟ ಆಮ್ಲ ಹಗಲು ಖರ್ಚಾಗುವುದನ್ನೇ ಅವರು ರುಚಿ ನೋಡಿದ್ದು.

ಈ ಮಿತವ್ಯಯಕ್ಕೆ ಬೆಲೆ ಇದೆ. ಸಾಗ್ವಾರೊ ಮೊದಲ 8 ವರ್ಷಗಳಲ್ಲಿ ಬೆಳೆಯುವುದು ಒಂದು, ಒಂದೂವರೆ ಅಂಗುಲ. ಪಕ್ಕಕ್ಕೆ ತೋಳು ಚಾಚಲು ಸಾಮಾನ್ಯವಾಗಿ 50ರಿಂದ 75 ವರ್ಷ ಬೇಕು. ಜಗತ್ತಿನಲ್ಲಿ ಇದು ತಾನಾಗಿ ಬೆಳೆಯುವುದು ಸೊನೊರಾನ್ ಮರುಭೂಮಿಯಲ್ಲಿ ಮಾತ್ರ. ಅನುಮತಿ ಇಲ್ಲದೆ ಕಡಿದರೆ, ಕಿತ್ತರೆ ಅರಿಝೋನಾದಲ್ಲಿ ಅಪರಾಧ. ಒಂದು ಅಣು ಡೈಆಕ್ಸೈಡ್ ಹಿಡಿಯಲು ಸಸ್ಯ ಕಳೆದುಕೊಳ್ಳುವ ನೀರಿನ ಅಣುಗಳಿಗೆ ಪಠ್ಯಪುಸ್ತಕಗಳು ಕೊಡುವ ಸ್ಥೂಲ ಲೆಕ್ಕ ಹೀಗಿದೆ: ರೈಗ್ರಾಸ್ ಜಾತಿಯವು 400, ಗರಿಕೆ ಜಾತಿಯವು 150, ಕಳ್ಳಿ 50. ಮರುಭೂಮಿ ತಾನಾಗಿ ಆರಿಸಿಕೊಂಡದ್ದು 50ರದ್ದನ್ನು. ನಾವು ಬೇಸಿಗೆಗೆ 150ರದ್ದನ್ನೂ ಚಳಿಗಾಲಕ್ಕೆ 400ರದ್ದನ್ನೂ ತಂದು ಹಾಸಿದ್ದೇವೆ.

ಹಾಸುವ ಕೆಲಸ ಪಕ್ಕಾ ಬೇಸಾಯ. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್‌ವರೆಗೆ ಮೈದಾನಗಳು ಸರದಿಯಲ್ಲಿ ಎರಡು-ಮೂರು ವಾರ ಬಾಗಿಲು ಹಾಕುತ್ತವೆ. ಗರಿಕೆಯನ್ನು ಬುಡಮಟ್ಟ ಬೋಳಿಸಿ, ಎಕರೆಗೆ ಎರಡು ಕ್ವಿಂಟಾಲ್ ಆಸುಪಾಸು ರೈಗ್ರಾಸ್ ಬೀಜ ಚೆಲ್ಲಿ, ಮೊಳಕೆ ಒಡೆಯುವ ತನಕ ದಿನಕ್ಕೆ ಹಲವು ಬಾರಿ ನೀರು ಚಿಮುಕಿಸುತ್ತಾರೆ. ಭತ್ತಕ್ಕೆ ಎಕರೆಗೆ ಇಪ್ಪತ್ತೈದು-ಮೂವತ್ತು ಕಿಲೋ ಬೀಜ ಹಾಕುವ ನಮಗೆ ಈ ಸಾಂದ್ರತೆ ಊಹಿಸುವುದೂ ಕಷ್ಟ. ವರ್ಷಕ್ಕೆ ಎರಡು ಬೆಳೆ. ಎರಡೂ ಕಟಾವಾಗಿ ಎಲ್ಲಿಗೂ ಹೋಗುವುದಿಲ್ಲ.

ನೀರಿನ ಲೆಕ್ಕಕ್ಕೆ ಬರೋಣ. ಫೀನಿಕ್ಸ್ ಸುತ್ತ ವರ್ಷದ ಮಳೆ 200 ಮಿ.ಮೀ. ಸುತ್ತಮುತ್ತ. ಎರಡು ಬೆಳೆಯ ಹುಲ್ಲು ಕುಡಿಯುವುದು ಸುಮಾರು 1,500 ಮಿ.ಮೀ., ಮಂಡ್ಯದ ಭತ್ತದ ಗದ್ದೆ ಒಂದು ಬೆಳೆಗೆ ಬೇಡುವುದಕ್ಕಿಂತ ತುಸು ಹೆಚ್ಚೇ. 90 ಎಕರೆಗೆ ಗುಣಿಸಿದರೆ ವರ್ಷಕ್ಕೆ ಸುಮಾರು 55 ಕೋಟಿ ಲೀಟರ್, ದಿನಕ್ಕೆ 15 ಲಕ್ಷ. ನಮ್ಮ ನಗರಗಳ ಮಾನದಂಡವಾದ ತಲಾ 135 ಲೀಟರ್ ಪ್ರಕಾರ ಹನ್ನೊಂದು ಸಾವಿರ ಜನರ ಪಟ್ಟಣಕ್ಕೆ ಸಾಕಾಗುವ ನೀರು. ಇದನ್ನು ಓದಿ ಸಿಟ್ಟು ಬರುವುದು ಸಹಜ. ಆದರೆ ಅರಿಝೋನಾದಲ್ಲಿ ಬಳಕೆಯಾಗುವ ನೀರಿನಲ್ಲಿ ಗಾಲ್ಫ್ ಪಾಲು ಶೇಕಡಾ 2ರ ಸುಮಾರು. ಕೃಷಿಯ ಪಾಲು ಶೇಕಡಾ 70 ಮೀರುತ್ತದೆ, ಅದರಲ್ಲಿ ದನಗಳ ಮೇವಿನ ಕುದುರೆಮೆಂತೆ ಸೊಪ್ಪೂ ದೊಡ್ಡ ಪಾಲುದಾರ.

ಮೇಲಾಗಿ ಈ ನೀರು ಎಲ್ಲಿಂದ ಬಂತು ಎಂಬುದೂ ಮುಖ್ಯ. ನಮ್ಮ ಕಾರ್ಟ್ ದಾರಿಯ ಪಕ್ಕ ನೇರಳೆ ಬಣ್ಣದ ಮುಚ್ಚಳಗಳು, ‘ಈ ನೀರು ಕುಡಿಯಬೇಡಿ’ ಎಂಬ ನೇರಳೆ ಫಲಕಗಳು. ಅಮೆರಿಕದಲ್ಲಿ ನೇರಳೆ ಎಂದರೆ ಶುದ್ಧೀಕರಿಸಿದ ಚರಂಡಿ ನೀರು. ಸ್ಕಾಟ್ಸ್‌ಡೇಲ್ ನಗರ ಮನೆಗಳ ಕೊಳಚೆಯನ್ನು ಸೋಸಿ ತನ್ನ ಉತ್ತರ ಭಾಗದ 23 ಗಾಲ್ಫ್ ಮೈದಾನಗಳಿಗೆ ಹಂಚುವ ವ್ಯವಸ್ಥೆ ಮಾಡಿಕೊಂಡಿದೆ. ಕೊರತೆ ಬಿದ್ದಾಗ ಜೊತೆಗೆ ಕೊಲರಾಡೊ ನದಿಯ ನೀರು. ಆ ನದಿ ನೀರು 540 ಕಿಲೋಮೀಟರ್ ಉದ್ದದ ಕಾಲುವೆಯಲ್ಲಿ ಬೆಟ್ಟ ಹತ್ತಿ ಇಳಿದು ಬರುವಂಥದ್ದು, ಮತ್ತು ಬತ್ತುತ್ತಿರುವಂಥದ್ದು. 2021ರ ಆಗಸ್ಟ್‌ನಲ್ಲಿ ಮೊದಲ ಬಾರಿಗೆ ಅಧಿಕೃತವಾಗಿ ಕೊರತೆ ಘೋಷಣೆಯಾಗಿ, ಮರುವರ್ಷ ಅರಿಝೋನಾದ ಪಾಲಿಗೆ ಶೇಕಡಾ 18 ಕತ್ತರಿ ಬಿತ್ತು. ಹೀಗಾಗಿ ಕೊಳಚೆಗೂ ಅಲ್ಲಿ ಬೇಡಿಕೆ. ಫೀನಿಕ್ಸ್‌ನ ಪಶ್ಚಿಮಕ್ಕಿರುವ ಪಾಲೊ ವರ್ಡೆ ಅಣುಸ್ಥಾವರವನ್ನು ತಣ್ಣಗಿಡುವುದೂ ಫೀನಿಕ್ಸ್ ಜನರ ಬಚ್ಚಲ ನೀರೇ.

ಮರುಭೂಮಿಯ ಹುಲ್ಲಿಗೆ ನೀರಿನಷ್ಟೇ ದೊಡ್ಡ ತಲೆನೋವು ಉಪ್ಪು. ಕೊಲರಾಡೊ ನೀರಿನ ಒಂದು ಲೀಟರಿನಲ್ಲಿ 600 ಮಿಲಿಗ್ರಾಂ ಆಸುಪಾಸು ಲವಣ ಕರಗಿರುತ್ತದೆ. 55 ಕೋಟಿ ಲೀಟರಿಗೆ ಲೆಕ್ಕ ಹಾಕಿ: ವರ್ಷಕ್ಕೆ 300 ಟನ್‌ಗೂ ಮೇಲೆ. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಅದರಲ್ಲಿ ಸೋಡಿಯಂ ಅತಿಯಾದರೆ ಜೇಡಿಮಣ್ಣಿನ ಕಣಗಳು ಬಿಡಿಬಿಡಿಯಾಗಿ ರಂಧ್ರಗಳನ್ನು ಮುಚ್ಚಿ, ನೀರು ಇಂಗುವುದೇ ನಿಲ್ಲುತ್ತದೆ. ಜಿಪ್ಸಂ ಹಾಕಿ ಸೋಡಿಯಂ ಜಾಗದಲ್ಲಿ ಕ್ಯಾಲ್ಸಿಯಂ ಕೂರಿಸಬೇಕು, ಆಮೇಲೆ ಹೆಚ್ಚುವರಿ ನೀರು ಹಾಯಿಸಿ ಉಪ್ಪನ್ನು ಬೇರಿನಿಂದ ಕೆಳಕ್ಕೆ ತೊಳೆಯಬೇಕು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಭೂಮಿ ಸವಳಾದ ರೈತರಿಗೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಹೇಳುವುದೂ ಬಸಿಗಾಲುವೆ, ಜಿಪ್ಸಂ ಎಂಬ ಇದೇ ಮದ್ದು. ಒಂದೇ ವ್ಯತ್ಯಾಸ: ಅಲ್ಲಿ ಹುಲ್ಲಿನ ಹೆಸರಲ್ಲಿ ಹಣ ಹರಿಯುತ್ತದೆ, ಇಲ್ಲಿ ಅನ್ನದ ಹೆಸರಲ್ಲಿ ಅರ್ಜಿ ಹರಿಯುತ್ತದೆ.

ಹುಲ್ಲೇ ಇಲ್ಲದೆ ಆಡುವ ದಾರಿಯೂ ಇದೆ. ಕೊಲ್ಲಿ ದೇಶಗಳಲ್ಲಿ ತೈಲ ಕಂಪನಿಯವರು ದಶಕಗಟ್ಟಲೆ ಬರೀ ಮರಳಿನ ಮೇಲೆ ಆಡಿದರು. ಗ್ರೀನ್ ಬದಲು ಎಣ್ಣೆ ಬೆರೆಸಿ ಉರುಳೆ ಹೊಡೆದ ಮರಳಿನ ‘ಬ್ರೌನ್’. ಆಟಗಾರ ಅಂಗೈಯಗಲದ ಕೃತಕ ಹುಲ್ಲಿನ ಚೂರು ಕೈಯಲ್ಲಿ ಹಿಡಿದು, ಚೆಂಡು ಬಿದ್ದಲ್ಲಿ ಅದನ್ನಿಟ್ಟು ಹೊಡೆಯುತ್ತಿದ್ದ. 1988ರಲ್ಲಿ ದುಬೈನಲ್ಲಿ ಎಮಿರೇಟ್ಸ್ ಗಾಲ್ಫ್ ಕ್ಲಬ್ ಹುಲ್ಲು ಬೆಳೆಸಿದ ಮೇಲೆ ಆ ಆಟ ಬಡವಾಯಿತು. ದಕ್ಷಿಣ ಆಸ್ಟ್ರೇಲಿಯಾದ ಕೂಬರ್ ಪೀಡಿಯಲ್ಲಿ ಮಾತ್ರ ಇನ್ನೂ ಹುಲ್ಲಿನ ಚೂರು ಹಿಡಿದುಕೊಂಡೇ ಆಡುತ್ತಾರೆ. ಅದನ್ನೇ ಎಲ್ಲೆಡೆ ತನ್ನಿ ಎಂದರೆ ಯಾರೂ ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ.

ನನ್ನ ತಕರಾರು ಇರುವುದು 400ರ ಹುಲ್ಲಿನ ಮೇಲೆ ಮಾತ್ರ. ಮರುಭೂಮಿಯಲ್ಲಿ ಗರಿಕೆಗೆ ಜಾಗವಿದೆ. ಅದು ಬಿಸಿಲಿಗೆ ಹೇಳಿಮಾಡಿಸಿದ ಸಸ್ಯ, ಕೊಳಚೆ ನೀರು ಕುಡಿದು ಬದುಕುತ್ತದೆ, ಉಪ್ಪನ್ನೂ ತಕ್ಕಮಟ್ಟಿಗೆ ತಾಳುತ್ತದೆ. ಚಳಿಗಾಲದಲ್ಲಿ ಅದು ಮಲಗಿದರೆ ಮಲಗಲಿ. ಒಣಬಣ್ಣದ ಗರಿಕೆಯ ಮೇಲೆ ಆಡಲು ಯಾವ ತೊಂದರೆಯೂ ಇಲ್ಲ. ಜನವರಿಯಲ್ಲೂ ಕಣ್ಣಿಗೆ ಹಸಿರೇ ಬೇಕೆಂದು ಹಿಮನಾಡಿನಿಂದ ಬರುವ ಪ್ರವಾಸಿಗಳ ಹಟ, ಮತ್ತು ಟಿವಿ ಕ್ಯಾಮೆರಾಗಳ ಹಟ, ಈ ಎರಡನೇ ಬೆಳೆಯನ್ನು ಬೆಳೆಸುತ್ತಿದೆ. ನೀರಿನ ಬಿಗಿ ಹೆಚ್ಚಿದಂತೆ ಕೆಲವು ಮೈದಾನಗಳು ಫೇರ್‌ವೇಗಳಿಗೆ ರೈಗ್ರಾಸ್ ಚೆಲ್ಲುವುದನ್ನು ಬಿಟ್ಟಿವೆ, ಇನ್ನು ಕೆಲವು ಒಣ ಗರಿಕೆಗೆ ಹಸಿರು ಬಣ್ಣ ಹೊಡೆದು ಸುಧಾರಿಸಿಕೊಳ್ಳುತ್ತಿವೆ.

ಮಕ್ಕಳ ಮನೆಗೆಂದೋ ಕೆಲಸಕ್ಕೆಂದೋ ಚಳಿಗಾಲದಲ್ಲಿ ಫೀನಿಕ್ಸ್ ಕಡೆ ಹೋಗಿ ಆಡುವ ಯೋಚನೆ ಇದ್ದರೆ, ಬುಕ್ ಮಾಡುವ ಮುನ್ನ ‘ಓವರ್‌ಸೀಡ್ ಮಾಡಿಲ್ಲ ತಾನೇ?’, ಅಂದರೆ ಗರಿಕೆಯ ಮೇಲೆ ರೈಗ್ರಾಸ್ ಬಿತ್ತಿಲ್ಲ ತಾನೇ, ಎಂದು ಕೇಳಿ, ಮಾಡದ ಮೈದಾನವನ್ನೇ ಆರಿಸಿ. ಶುಲ್ಕವೂ ಕಮ್ಮಿ ಇರಬಹುದು. ಮಲಗಿದ ಗರಿಕೆಯ ನೆಲ ಗಟ್ಟಿಯಾಗಿರುವುದರಿಂದ, ದಟ್ಟ ಗಾಳಿ ಕಿತ್ತುಕೊಂಡ ಹತ್ತು ಗಜವನ್ನು ಚೆಂಡು ಉರುಳಿಯೇ ವಸೂಲಿ ಮಾಡುತ್ತದೆ.